ತೊಂಬತ್ತು ದಿನ ಯಾರೂ ಮುಟ್ಟದ ಸಾಲು

ಯೇ ಲೀಜೂ ಯಾವ ಮಾತನ್ನೂ ಎರಡು ಸಲ ಹೇಳಿದವಳಲ್ಲ. ತೈನಾನ್‌ನ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ದಾದಿಯಾಗಿದ್ದಾಗ ಹೊಸದಾಗಿ ಬಂದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, “ನೋಡ್ರಮ್ಮ, ನಾನು ಹೇಳೋದು ಒಂದೇ ಸಲ. ಕಿವಿ ಇದ್ರೆ ಕೇಳಿಸ್ಕೊಳ್ಳಿ. ಇಲ್ದಿದ್ರೆ ಕೆಳಗಡೆ ಕಿವಿ ಡಾಕ್ಟರ ಹತ್ರ ತೋರಿಸ್ಕೊಂಡು ಬನ್ನಿ” ಎನ್ನುತ್ತಿದ್ದಳು. ಹುಡುಗಿಯರು ಬೆನ್ನ ಹಿಂದೆ ಬೈದುಕೊಂಡರೂ ಅವಳು ಹೇಳಿದ್ದನ್ನು ಮಾತ್ರ ಮರೆಯುತ್ತಿರಲಿಲ್ಲ.

ಮಂಡಿ ಸವೆದು ಆ ಕೆಲಸ ಬಿಟ್ಟ ಮೇಲೆ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಅವಳನ್ನು ಕರೆದುಕೊಂಡಿತು. ವಯಸ್ಸಾದವರನ್ನು ನೋಡಿಕೊಳ್ಳುವ ಆರೈಕೆ ಮನೆಗಳಿಗೆ ಆ ಕಂಪನಿ ಒಂದು ಟಿಪ್ಪಣಿ ಪುಸ್ತಕ ಮಾಡಿಕೊಟ್ಟಿತ್ತು. ಪುಸ್ತಕವೆಂದರೆ ಕಾಗದದ್ದಲ್ಲ, ಮಂಚದ ಕಾಲ್ದೆಸೆಯಲ್ಲಿ ನೇತುಹಾಕಿದ ಟ್ಯಾಬ್ಲೆಟ್ಟಿನಲ್ಲಿ ಕಾಣುವಂಥದ್ದು. ಒಬ್ಬೊಬ್ಬ ಮುದುಕ ಮುದುಕಿಗೆ ಒಂದೊಂದು ಪುಟ. ದಾದಿಯರು ಬಾಯಲ್ಲಿ ಹೇಳಿದರೆ ಸಾಕು. ಬರೆಯುವುದು, ತಿದ್ದುವುದು, ಅಡುಗೆಮನೆಗೆ ಚೀಟಿ ಕಳಿಸುವುದು ಎಲ್ಲ ಎಐ ಏಜೆಂಟಿನ ಕೆಲಸ. ಲೀಜೂ ಆ ಏಜೆಂಟನ್ನು ಗುಮಾಸ್ತ ಎಂದು ಕರೆದಳು. ಆಮೇಲೆ ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ಅದೇ ನಿಂತಿತು. ಒಬ್ಬನೇ ಗುಮಾಸ್ತ, ಅರವತ್ಮೂರು ಮನೆಗಳಲ್ಲಿ ಒಂದೇ ಹೊತ್ತಿಗೆ ಕೂತಿರುತ್ತಿದ್ದ.

ಗುಮಾಸ್ತನ ಕೈಗೆ ಐದು ಉಪಕರಣ ಕೊಟ್ಟಿದ್ದರು: ಓದು, ಸೇರಿಸು, ಬದಲಿಸು, ಅಳಿಸು, ಓರಣ ಮಾಡು. ಯಾವುದು ಏನು ಮಾಡುತ್ತದೆ, ಯಾವಾಗ ಕೈಗೆತ್ತಿಕೊಳ್ಳಬೇಕು, ಯಾವಾಗ ಹತ್ತಿರ ಹೋಗಬಾರದು ಎಂದು ಒಂದೊಂದು ಉಪಕರಣಕ್ಕೆ ಒಂದೊಂದು ಪುಟ ಬರೆದುಕೊಡುವುದು ಲೀಜೂ ಕೆಲಸ. ಮನುಷ್ಯರಿಗೆ ಕೈಪಿಡಿ ಬರೆಯುವುದು ದಂಡ, ಯಾರೂ ಓದುವುದಿಲ್ಲ. ಆಸ್ಪತ್ರೆಯಲ್ಲಿ ಹೊಸ ಯಂತ್ರ ಬಂದಾಗಲೆಲ್ಲ ಕೈಪಿಡಿಯನ್ನು ಬಿಸಿ ಪಾತ್ರೆಯ ಕೆಳಗೆ ಇಟ್ಟದ್ದನ್ನು ಅವಳೇ ನೋಡಿದ್ದಳು. ಗುಮಾಸ್ತ ಹಾಗಲ್ಲ. ಪ್ರತಿ ಸಲ ಕೆಲಸಕ್ಕೆ ಕೂರುವ ಮುಂಚೆ ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದ. ಓದಿದ್ದನ್ನು ಓದಿದ ಹಾಗೆಯೇ ಮಾಡುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಅವಳ ಮಾತನ್ನು ಯಾರೂ ಇಷ್ಟು ಚೆನ್ನಾಗಿ ಕೇಳಿರಲಿಲ್ಲ. ಲೀಜೂಗೆ ಅದು ಹಿತವಾಗಿತ್ತು ಎಂದು ಹೇಳಲೇಬೇಕು.

ಐದನೆಯ ಉಪಕರಣ, ‘ಓರಣ ಮಾಡು’, ಬಂದದ್ದು ಆ ವರ್ಷ ಸೆಪ್ಟೆಂಬರ್ ನಡುವೆ, ಅಲ್ಲಿನ ಬೇಸಿಗೆಯ ಕೊನೆಗೆ. ಮುದುಕರ ಪುಟಗಳು ಕಸದ ಬುಟ್ಟಿಯಂತಾಗಿದ್ದವು. ‘ಮಗಳು ಬಾಳೆಹಣ್ಣು ತಂದಳು’, ‘ಫ್ಯಾನು ಸದ್ದು ಮಾಡುತ್ತದಂತೆ’, ‘ಎಡಗಾಲ ಚಪ್ಪಲಿ ಸಿಗಲಿಲ್ಲ’ ಎಂಬಂಥ ಸಾಲುಗಳ ಕೆಳಗೆ ಬೇಕಾದದ್ದು ಮುಚ್ಚಿಹೋಗುತ್ತಿತ್ತು. ಲೀಜೂ ಒಂದೇ ಬೆಳಗಿನಲ್ಲಿ ಓರಣಕ್ಕೆ ಕೈಪಿಡಿಯ ಪುಟ ಬರೆದುಕೊಟ್ಟಳು. ‘ತೊಂಬತ್ತು ದಿನ ಯಾರೂ ಮುಟ್ಟದ ಸಾಲನ್ನು ತೆಗೆದುಹಾಕು’ ಎಂಬುದು ಅದರ ಎರಡನೆಯ ಸಾಲು. ನಾಲ್ಕನೆಯದು, ‘ಪುಟದ ಮೊದಲ ಮೂರು ಸಾಲನ್ನು ಯಾವ ಕಾರಣಕ್ಕೂ ಮುಟ್ಟಬೇಡ.’ ಮುದುಕರ ಪುಟದ ಆ ಮೂರು ಸಾಲುಗಳು ಜೀವದ ಸಾಲುಗಳು. ಯಾವ ಔಷಧಿ ಆಗಿಬರುವುದಿಲ್ಲ, ಏನು ನುಂಗಲಾಗುವುದಿಲ್ಲ, ಯಾವಾಗ ಎದ್ದರೆ ಬೀಳುತ್ತಾರೆ, ಅಂಥವು. ಕಾಗದದ ಕಾಲದಲ್ಲಿ ಅವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಕೆಂಪು ಶಾಯಿಯ ಸಾಲನ್ನು ಮುಟ್ಟಬಾರದೆಂದು ವಾರ್ಡಿನಲ್ಲಿ ನೆಲ ಒರೆಸುವವಳಿಗೂ ಗೊತ್ತಿತ್ತು. ಗುಮಾಸ್ತನಿಗೆ ಬಣ್ಣ ಕಾಣದು. ಅದಕ್ಕೇ ಲೀಜೂ ಆ ನಾಲ್ಕನೆಯ ಸಾಲು ಬರೆದಳು. ಒಂದೇ ಸಲ ಬರೆದಳು.

*

ಡಿಸೆಂಬರಿನಲ್ಲಿ ವರ್ಷದ ಅತಿ ಗಿಡ್ಡ ಹಗಲಿನ ದಿನ, ದೋಂಗ್ಜಿ ಹಬ್ಬ. ಲೀಜೂ ಬೆಳಿಗ್ಗೆ ಏಳೂವರೆಗೆ ಸ್ಕೂಟರನ್ನು ಅಪ್ಪನಿದ್ದ ಆರೈಕೆ ಮನೆಯ ಮುಂದೆ ನಿಲ್ಲಿಸಿದಳು. ಅಪ್ಪನ ಹೆಸರು ಹ್ವೋವಾಂಗ್, ಉಪ್ಪಿನ ಗದ್ದೆಯಲ್ಲಿ ಜೀವ ಸವೆಸಿದ ಮನುಷ್ಯ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಹೋಯಿತು, ಗಂಟಲೂ ಕೆಟ್ಟಿತು. ನೀರು ಕುಡಿದರೆ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತಿತ್ತು. ಕುಡಿಯುವುದನ್ನೆಲ್ಲ ಪುಡಿ ಬೆರೆಸಿ ಗಂಜಿಯ ಹದಕ್ಕೆ ಮಂದ ಮಾಡಿಯೇ ಕೊಡಬೇಕು, ಅಂಟಿನ ತಿಂಡಿ ಕೂಡದೇ ಕೂಡದು. ಸೇರಿಸಿದ ದಿನವೇ ಲೀಜೂ ಅದನ್ನು ಹೇಳಿ ಪುಟದ ಮೊದಲ ಸಾಲಾಗಿ ಬರೆಸಿದ್ದಳು.

ಅವಳು ಮನೆಯಿಂದಲೇ ಮಂದ ಮಾಡಿ ತಂದ ಸೋಯಾ ಹಾಲನ್ನು ಅಪ್ಪ ಚಮಚದಲ್ಲಿ ನೆಕ್ಕುತ್ತ ಮುಖ ಕಿವುಚಿದ. ಮಗಳನ್ನು ಅವನು ಕರೆಯುತ್ತಿದ್ದದ್ದು ಆ-ಜೂ ಎಂದು.

“ಗೋಡೆಗೆ ಕಾಗದ ಅಂಟ್ಸೋ ಗೋಂದು ತಂದಿದೀಯ. ಇವತ್ತಾದ್ರೂ ಉಂಡೆ ಕೊಡಿಸ್ತೀಯೇನೇ, ಆ-ಜೂ?”

“ಯಾವ ಉಂಡೆ?”

“ಗೊತ್ತಿಲ್ದವಳ ಹಾಗೆ ಮಾತಾಡ್ಬೇಡ. ಕೆಳಗಡೆ ಶುಂಠಿ ಬೇಯ್ತಾ ಇದೆ, ನನ್ನ ಮೂಗಿಗೇನು ಪಾರ್ಶ್ವವಾಯು ಹೊಡೆದಿಲ್ಲ.”

ದೋಂಗ್ಜಿಯ ದಿನ ಎಲ್ಲ ಮನೆಯಲ್ಲೂ ಬೆಲ್ಲ ಶುಂಠಿಯ ಬಿಸಿನೀರಿನಲ್ಲಿ ಕೆಂಪು ಬಿಳಿ ಅಂಟಕ್ಕಿ ಉಂಡೆ ತೇಲಿಸಿ ತಿನ್ನುತ್ತಾರೆ. ಬಟ್ಟಲು ಖಾಲಿ ಮಾಡಿದರೆ ವಯಸ್ಸಿಗೆ ಒಂದು ವರ್ಷ ಕೂಡಿತು ಎಂದು ಲೆಕ್ಕ.

“ನೀನು ಉಂಡೆ ಬಂದ್ ಮಾಡಿ ಎರಡು ದೋಂಗ್ಜಿ ಆಯ್ತು. ನನ್ನ ವಯಸ್ಸು ಎಪ್ಪತ್ತೊಂಬತ್ತಕ್ಕೇ ನಿಂತ್ಹೋಗಿದೆ. ಪಕ್ಕದ ಮಂಚದ ಗೂಬೆ ನನಗಿಂತ ಚಿಕ್ಕವನು, ಈಗ ನನ್ನನ್ನ ‘ತಮ್ಮ’ ಅಂತಾನೆ.”

“ಅನ್ನಲಿ ಬಿಡು. ಎಪ್ಪತ್ತೊಂಬತ್ತರಲ್ಲೇ ಇರು. ಏನು, ಮದುವೆಗೆ ಹೆಣ್ಣು ನೋಡ್ಬೇಕಾ?”

ಅಪ್ಪ ಎಡಬದಿಯ ತುಟಿಯಿಂದ ನಕ್ಕ. ಲೀಜೂ ಅವನ ಬಾಯಿ ಒರೆಸಿ, ಹೋಗುವಾಗ ಮಂಚದ ಕಾಲ್ದೆಸೆಯ ಟ್ಯಾಬ್ಲೆಟ್ಟಿನ ಮೇಲೆ ಕಣ್ಣು ಹಾಯಿಸಿದಳು. ಪುಟ ಚೊಕ್ಕವಾಗಿತ್ತು. ನಾಲ್ಕೇ ಸಾಲು. ಎಲ್ಲ ಈ ತಿಂಗಳದ್ದೇ. ರಕ್ತದೊತ್ತಡ ಇಷ್ಟು, ಮಲವಿಸರ್ಜನೆ ಸರಿಯಾಗಿದೆ, ರಾತ್ರಿ ನಿದ್ದೆ ಚೆನ್ನಾಗಿದೆ, ಉಗುರು ಕತ್ತರಿಸಿದೆ. ತಾನು ಬರೆದ ಓರಣದ ಪುಟ ಕೆಲಸ ಮಾಡುತ್ತಿದೆ ಎಂದು ಒಳಗೊಳಗೇ ಬೀಗಿದಳು. ಏನೋ ಒಂದು ಅಲ್ಲಿ ಇರಬೇಕಿತ್ತು ಎಂದು ಕಣ್ಣಿಗೆ ಅನ್ನಿಸಿತು. ಮೇಜಿನ ಮೇಲೆ ದಿನಾ ಇರುವ ಲೋಟ ಇಲ್ಲದಿದ್ದರೆ ಹೇಗೋ ಹಾಗೆ. ಆದರೆ ಆಫೀಸಿಗೆ ಹೊತ್ತಾಗಿತ್ತು.

ಬಾಗಿಲಲ್ಲಿ ಒಬ್ಬ ಹೊಸ ಹೆಂಗಸು ತಲೆಬಾಗಿ ನಮಸ್ಕರಿಸಿದಳು. ತಲೆಗೆ ಬಟ್ಟೆ ಕಟ್ಟಿದ್ದಳು.

“ನಾನು ವಾಹ್ಯು, ಅಕ್ಕ. ಇಂಡೋನೇಷ್ಯಾದವಳು. ಇವತ್ತಿಂದ ತಾತನ್ನ ನೋಡ್ಕೊಳ್ಳೋದು ನಾನೇ.”

“ದ್ವಿ ಎಲ್ಲಿ?”

“ದ್ವಿ ಅಕ್ಕ ನಿನ್ನೆ ಊರಿಗೆ ಹೋದ್ರು. ಮಗಳಿಗೆ ಹೆರಿಗೆ.”

ದ್ವಿ ಎರಡು ವರ್ಷದಿಂದ ಅಪ್ಪನಿಗೆ ಉಣಿಸಿದವಳು. ಯಾರೂ ಹೇಳದೆಯೇ ನೀರಿಗೆ ಪುಡಿ ಹಾಕಿ ಕದಡುತ್ತಿದ್ದಳು. ಲೀಜೂ ಹೊಸಬಳನ್ನು ಮೇಲಿಂದ ಕೆಳಗೆ ನೋಡಿ, “ಎಲ್ಲಾ ಪುಟದಲ್ಲಿ ಬರೆದಿದೆ. ಓದ್ಕೊಂಡು ಮಾಡು” ಎಂದಳು.

“ಓದಿದೀನಿ ಅಕ್ಕ. ನಮ್ಮ ಭಾಷೇಲೂ ಬರುತ್ತೆ ಫೋನಲ್ಲಿ.”

“ಹಾಗಾದ್ರೆ ಸರಿ” ಎಂದು ಲೀಜೂ ಮೆಟ್ಟಿಲಿಳಿದಳು.

*

ಹನ್ನೊಂದಕ್ಕೆ ಮ್ಯಾನೇಜರ್ ಖೋ ತನ್ನ ಕೋಣೆಗೆ ಕರೆದ. ಪ್ರೋಗ್ರಾಂ ಬರೆಯುವ ಜೆನ್ಯೂ ಆಗಲೇ ಅಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದ. ಮೂವತ್ತೆರಡರ ಆಸುಪಾಸಿನವನು, ಜಾಣ. ಹೆದರಿದಾಗ ಕಿವಿಯ ತುದಿ ಕೆಂಪಾಗುತ್ತಿತ್ತು. ಈಗ ಕೆಂಪಾಗಿತ್ತು.

“ಜ್ಯಾಯಿ ಊರಿನ ಒಂದು ಮನೆಯಿಂದ ದೂರು ಬಂದಿದೆ” ಎಂದ ಖೋ. “ಒಬ್ಬ ಅಜ್ಜಿಗೆ ಪೆನ್ಸಿಲಿನ್ ಆಗಲ್ಲ ಅನ್ನೋ ಸಾಲೇ ಪುಟದಿಂದ ಮಾಯ ಆಗಿದೆ. ಸೂಜಿ ಚುಚ್ಚೋ ಹೊತ್ತಿಗೆ ಹಳೇ ದಾದಿ ಒಬ್ರು ನೆನಪಿಂದ ತಡೆದ್ರಂತೆ.”

“ಮೊದಲ ಸಾಲಾ?” ಲೀಜೂ ಕೇಳಿದಳು.

“ಮೊದಲ ಸಾಲೇ. ಲೀಜೂ ಅವರೇ, ಕೈಪಿಡಿ ಉದ್ದ ಆಯ್ತು, ಅರ್ಧಕ್ಕೆ ಇಳಿಸಿ ಅಂತ ನಾನು ಹೇಳಿದ್ದು ನಿಜ. ಆದ್ರೆ ಇಂಥ ಸಾಲನ್ನೇ ಕತ್ತರಿಸ್ತೀರ ಅಂದ್ಕೊಂಡಿರ್ಲಿಲ್ಲ.”

“ಯಾವ ಸಾಲನ್ನ?”

ಖೋ ಪರದೆಯನ್ನು ಅವಳ ಕಡೆ ತಿರುಗಿಸಿದ. ಓರಣದ ಪುಟ. ಮೊದಲ ಸಾಲು ಇತ್ತು, ಎರಡು, ಮೂರು ಇದ್ದವು. ಆಮೇಲೆ ಐದನೆಯದು. ಮೊದಲ ಮೂರು ಸಾಲನ್ನು ಮುಟ್ಟಬೇಡ ಎಂಬುದು ಇರಲೇ ಇಲ್ಲ.

ಲೀಜೂ ಮುಖಕ್ಕೆ ರಕ್ತ ನುಗ್ಗಿತು. “ನಾನು ಕತ್ತರಿಸಿದ್ನಾ? ನಾನಾ? ಇಪ್ಪತ್ತಾರು ವರ್ಷ ಕೆಂಪು ಶಾಯಿ ಹಿಡಿದ ಕೈ ಇದು. ಬೇಕಾದ್ರೆ ನನ್ನ ಮೂಗು ಕತ್ತರಿಸ್ಕೊತೀನಿ, ಆ ಸಾಲು ಕತ್ತರಿಸ್ತೀನಾ?”

“ಸಿಟ್ಟು ಮಾಡ್ಕೋಬೇಡಿ. ಮನುಷ್ಯ ಅಂದ್ಮೇಲೆ ತಪ್ಪು…”

“ಬಾಯ್ಮುಚ್ಕೊಂಡು ಐದು ನಿಮಿಷ ಕೂತ್ಕೊಳ್ಳಿ.”

ಅವಳು ಎದ್ದುಹೋಗಿ ತನ್ನ ಮೇಜಿನ ಕೆಳಗಿನ ಖಾನೆಯಿಂದ ಒಂದು ಕಡತ ತಂದಳು. ಬರೆದ ಪ್ರತಿ ಪುಟವನ್ನೂ ಕಾಗದಕ್ಕೆ ಇಳಿಸಿ ತಾರೀಕು ಹಾಕಿ ಇಡುವ ಹಳೆಯ ಚಾಳಿ ಅವಳದು. ಜೆನ್ಯೂ ಅದಕ್ಕೆ ನಗುತ್ತಿದ್ದ. ಅರ್ಧಕ್ಕೆ ಇಳಿಸಿದ ಮೇಲಿನ ಪ್ರತಿಯನ್ನು ಖೋನ ಮುಂದೆ ಕುಕ್ಕಿದಳು. ನಾಲ್ಕನೆಯ ಸಾಲು ಅಲ್ಲಿತ್ತು. ಅದರ ಕೆಳಗೆ ಅವಳೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಳು.

“ಈಗ ಹೇಳಿ. ಕತ್ತರಿಸಿದ್ದು ಯಾರು?”

ಖೋ ಜೆನ್ಯೂ ಕಡೆ ನೋಡಿದ. “ನಾನು ಮುಟ್ಟಿಲ್ಲ ಅಕ್ಕ, ನಮ್ಮಮ್ಮನಾಣೆ” ಎಂದ ಜೆನ್ಯೂ. “ತಡೀರಿ, ಯಾರ್ಯಾರು ತಿದ್ದಿದಾರೆ ಅಂತ ಚರಿತ್ರೆ ಇರುತ್ತೆ. ತೆಗೀತೀನಿ.”

ಕೈಪಿಡಿಯನ್ನು ಎಲ್ಲಿ ಇಟ್ಟಿದ್ದರು ಎಂಬುದು ಆಗ ಲೀಜೂಗೆ ನೆನಪಾಯಿತು. ನಮ್ಮ ಸಾಮಾನನ್ನು ನಾವೇ ಬಳಸದಿದ್ದರೆ ಬೇರೆಯವರು ಯಾಕೆ ಬಳಸುತ್ತಾರೆ ಎಂದು ಖೋ ಅದನ್ನೂ ಅದೇ ಟಿಪ್ಪಣಿ ಪುಸ್ತಕದಲ್ಲಿ ಇಡಿಸಿದ್ದ. ಕಾಗುಣಿತ ತಪ್ಪು ಕಂಡರೆ ತಿದ್ದಲಿ ಎಂದು ಗುಮಾಸ್ತನಿಗೂ ಬೀಗದ ಕೈ ಕೊಟ್ಟಿದ್ದರು. ಒಪ್ಪಿದವಳು ಲೀಜೂನೇ. ಹೋದ ತಿಂಗಳಷ್ಟೇ ಗುಮಾಸ್ತ ಓರಣದ ಪುಟದ ಉಳಿದ ಸಾಲುಗಳಲ್ಲೆಲ್ಲ ಒಂದೊಂದು ಅಕ್ಷರ ತಿದ್ದಿದ್ದ, ಚೆನ್ನಾಗಿಯೇ ತಿದ್ದಿದ್ದ. ಅವಳು ಮೆಚ್ಚಿಕೊಂಡಿದ್ದಳು ಕೂಡ.

ಜೆನ್ಯೂ ಓದಿದ. ಓದುತ್ತ ಹೋದ ಹಾಗೆ ದನಿ ಸಣ್ಣಗಾಯಿತು.

“ಐದು ದಿನದ ಹಿಂದೆ. ಗುಮಾಸ್ತ ಮಾಡಿರೋದು. ಕಾರಣ ಬರೆದಿದೆ. ‘ಈ ಸಾಲನ್ನು ತೊಂಬತ್ತು ದಿನಗಳಿಂದ ಯಾರೂ ಮುಟ್ಟಿಲ್ಲ. ಓರಣದ ಪುಟದ ಎರಡನೆಯ ಸಾಲಿನಂತೆ ತೆಗೆಯಲಾಗಿದೆ.’”

ಗೋಡೆಯಾಚೆ ಯಂತ್ರಗಳ ಕೋಣೆಯ ಗುಂಯ್ ಸದ್ದು ಕೇಳುತ್ತಿತ್ತು. ಯಂತ್ರಗಳು ತಂಟೆ ಮಾಡದಿರಲೆಂದು ಅವುಗಳ ನೆತ್ತಿಯ ಮೇಲೆ ಹಸಿರು ಪೊಟ್ಟಣದ ಜೋಳದ ತಿಂಡಿ ಇಟ್ಟಿದ್ದರು. ಈ ಊರಲ್ಲಿ ಎಲ್ಲ ಕಂಪನಿಯವರೂ ಇಡುತ್ತಾರೆ. ಜೆನ್ಯೂ ಅಭ್ಯಾಸಬಲದಿಂದ ಗಾಜಿನಾಚೆ ಅದರ ಕಡೆ ಕತ್ತು ಚಾಚಿದ.

“ಪೊಟ್ಟಣದ ತಾರೀಕು ಮುಗಿದಿಲ್ಲ ಅಲ್ವಾ?” ಖೋ ಕೇಳಿದ. ತಮಾಷೆಗೆ ಕೇಳಿದ್ದಲ್ಲ.

“ಇಲ್ಲ ಸಾರ್. ಹೋದ ವಾರ ತಾನೇ ಹೊಸದು ಇಟ್ಟೆ.”

ಲೀಜೂ ಅವರ ಮಾತು ಕೇಳುತ್ತಿರಲಿಲ್ಲ. ಮುಟ್ಟಬೇಡ ಎಂದು ತಾನು ಬರೆದದ್ದನ್ನು ಯಾರೂ ಮುಟ್ಟಲಿಲ್ಲ. ಯಾರೂ ಮುಟ್ಟಲಿಲ್ಲವೆಂದೇ ಅದು ಹೋಯಿತು. ಜೀವದ ಸಾಲುಗಳೂ ಹಾಗೆಯೇ. ಫ್ಯಾನಿನ ಸದ್ದು, ಕಳೆದುಹೋದ ಚಪ್ಪಲಿ ದಿನಾ ಯಾರ ಬಾಯಲ್ಲಾದರೂ ಬರುತ್ತವೆ. ಪೆನ್ಸಿಲಿನ್ ಆಗದು ಎಂಬುದನ್ನು ಒಂದು ಸಲ ಬರೆದ ಮೇಲೆ ಯಾರೂ ಮತ್ತೆ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಎಲ್ಲರಿಗೂ ಗೊತ್ತಿರುವುದನ್ನು ಹುಡುಕಿ ಹುಡುಕಿ ತೆಗೆಯುವ ಉಪಕರಣವನ್ನು ಅವಳು ಗುಮಾಸ್ತನ ಕೈಗೆ ಕೊಟ್ಟಿದ್ದಳು. ಅವನು ಐದು ದಿನದಿಂದ ಅರವತ್ಮೂರು ಮನೆಗಳಲ್ಲಿ ಒಂದು ಧೂಳೂ ಬಿಡದೆ ಗುಡಿಸುತ್ತಿದ್ದ.

ಬೆಳಿಗ್ಗೆ ಅಪ್ಪನ ಪುಟದಲ್ಲಿ ಇಲ್ಲದಿದ್ದದ್ದು ಏನೆಂದು ಆಗ ಅವಳಿಗೆ ಹೊಳೆಯಿತು.

ಕೈಗಡಿಯಾರ ನೋಡಿದಳು. ಹನ್ನೊಂದು ನಲವತ್ತು. ಊಟ ಹನ್ನೆರಡಕ್ಕೆ. ಅಡುಗೆಮನೆ ಗುಮಾಸ್ತನ ಚೀಟಿಯಂತೆ ಬಡಿಸುತ್ತದೆ. ದ್ವಿ ಊರಿಗೆ ಹೋಗಿದ್ದಾಳೆ. ಇವತ್ತು ದೋಂಗ್ಜಿ.

“ಏನಾಯ್ತು ಅಕ್ಕ?” ಜೆನ್ಯೂ ಕೇಳುವಷ್ಟರಲ್ಲಿ ಅವಳು ಬಾಗಿಲಲ್ಲಿದ್ದಳು.

*

ಸ್ಕೂಟರ್ ಹತ್ತುವ ಮುಂಚೆ ಮೂರು ಸಲ ಆರೈಕೆ ಮನೆಗೆ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಊಟದ ಹೊತ್ತಿಗೆ ಅಲ್ಲಿ ಎಲ್ಲರ ಕೈಯಲ್ಲೂ ಚಮಚ ಇರುತ್ತದೆ. ಅದು ಅವಳಿಗೆ ಗೊತ್ತಿದ್ದದ್ದೇ. ಎರಡು ಕೆಂಪು ದೀಪ ದಾಟಿದಳು, ಮಂದಿರದ ಮುಂದೆ ಪೂಜೆಗೆ ಬಂದ ಹೆಂಗಸೊಬ್ಬಳಿಂದ ತಾಯಿ ಅಜ್ಜಿಯವರೆಗೂ ಬೈಸಿಕೊಂಡಳು. ಸವೆದ ಮಂಡಿಯನ್ನು ಮರೆತು ಮೆಟ್ಟಿಲು ಹತ್ತಿದಳು.

ಅಪ್ಪ ಗಾಲಿ ಕುರ್ಚಿಯಲ್ಲಿ ಕೂತಿದ್ದ. ಕುತ್ತಿಗೆಗೆ ಬಟ್ಟೆ. ಎದುರಿಗೆ ಬಟ್ಟಲು. ವಾಹ್ಯು ಎರಡನೆಯ ಉಂಡೆಯನ್ನು ಚಮಚದಲ್ಲಿ ಎತ್ತಿ ಊದುತ್ತಿದ್ದಳು. ಬಿಳಿ ಉಂಡೆ.

ಲೀಜೂ ಬಟ್ಟಲನ್ನು ಬಾಚಿ ಎತ್ತಿಕೊಂಡಳು. ಬಿಸಿನೀರು ಅವಳ ಕೈಮೇಲೆ ಚೆಲ್ಲಿತು.

“ಬಾಯಿ ತೆಗಿ ಅಪ್ಪ! ತೆಗಿ!”

ಎರಡು ಬೆರಳು ಹಾಕಿ ಅಪ್ಪನ ಕೆನ್ನೆಯ ಒಳಗೆಲ್ಲ ತಡಕಿದಳು. ಏನೂ ಸಿಗಲಿಲ್ಲ. ಅಪ್ಪ ಅವಳ ಬೆರಳು ಕಚ್ಚಿದ.

“ಹುಚ್ಚು ಹಿಡೀತೇನೇ? ನುಂಗಾಯ್ತು! ಕೆಂಪು ಉಂಡೆ. ಎರಡು ವರ್ಷದ ಮೇಲೆ. ಬಟ್ಟಲು ಕೊಡು ಇಲ್ಲಿ.”

“ನೀರು? ನೀರು ಎಷ್ಟು ಕುಡಿದೆ?”

“ಅರ್ಧ ಬಟ್ಟಲು” ಎಂದಳು ವಾಹ್ಯು. ಅವಳ ಮುಖ ಬಿಳಿಚಿತ್ತು. “ತಾತ ಚೆನ್ನಾಗಿ ಕುಡಿದ್ರು ಅಕ್ಕ. ಕೆಮ್ಮಲೇ ಇಲ್ಲ.”

“ಪುಡಿ ಹಾಕಿದ್ಯಾ?”

“ಯಾವ ಪುಡಿ?”

“ನೀರು ಮಂದ ಮಾಡೋ ಪುಡಿ ಕಣೇ! ಅಲ್ಲಿದೆಯಲ್ಲ, ಮಂಚದ ಪಕ್ಕ, ನೀಲಿ ಡಬ್ಬಿ!”

“ಅದು ಮೈಗೆ ಹಚ್ಚೋ ಪೌಡರ್ ಅಂದ್ಕೊಂಡೆ. ಪುಟದಲ್ಲಿ ಬರೆದಿಲ್ಲ ಅಕ್ಕ. ನಾನು ಎರಡು ಸಲ ಓದಿದೆ. ಬೆಳಿಗ್ಗೆ ನೀವೇ ಹೇಳಿದ್ರಲ್ಲ, ಪುಟದಲ್ಲಿರೋ ಹಾಗೆ ಮಾಡು ಅಂತ.”

ಲೀಜೂ ಬಟ್ಟಲನ್ನು ಪಕ್ಕಕ್ಕಿಟ್ಟಳು. ಅವಳು ಬರೆದದ್ದನ್ನು ಬರೆದ ಹಾಗೆಯೇ ಮಾಡಿದವರು ಈಗ ಇಬ್ಬರಾದರು.

ಮುಖ್ಯ ದಾದಿ ಲೈ ಓಡಿಬಂದಳು. ಲೀಜೂ ಅವಳಿಗೆ ಚುಟುಕಾಗಿ ಹೇಳಿದಳು: ಡಾಕ್ಟರಿಗೆ ಫೋನ್ ಮಾಡು, ಕುರ್ಚಿಯಿಂದ ಮಲಗಿಸಬೇಡ, ಗಂಟಲಿನದನ್ನು ಎಳೆಯುವ ಯಂತ್ರ ತಾ, ಎದೆಗೆ ಕಿವಿಯಿಟ್ಟು ನೋಡಬೇಕು.

“ಆದ್ರೆ ಕೆಮ್ಮಿಲ್ವಲ್ಲ ಅಕ್ಕ, ಒಳ್ಳೇದೇ ಅಲ್ವಾ?” ಎಂದಳು ಲೈ.

“ಕೆಮ್ಮಿದ್ರೆ ಒಳ್ಳೇದಿತ್ತು. ಇಂಥವರ ಗಂಟಲಿಗೆ ನೀರು ದಾರಿ ತಪ್ಪಿದ್ದೇ ಗೊತ್ತಾಗಲ್ಲ. ಸದ್ದಿಲ್ದೆ ಇಳಿಯುತ್ತೆ. ಎರಡು ದಿನ ಬಿಟ್ಟು ಮೂರನೇ ದಿನ ಜ್ವರ ಬರುತ್ತೆ. ಆಮೇಲೆ ಏನು ಅಂತ ನಿನಗೆ ಹೇಳ್ಬೇಕಾ?”

ಲೈ ಓಡಿದಳು.

ಅಷ್ಟರಲ್ಲಿ ಮಂಚದ ಕಾಲ್ದೆಸೆಯ ಟ್ಯಾಬ್ಲೆಟ್ ಟಿಣ್ ಎಂದಿತು. ಕೋಣೆಯ ಮಾತು ಕೇಳಿಸಿಕೊಂಡು ಗುಮಾಸ್ತ ಒಂದು ಸಾಲು ಸೇರಿಸಿದ್ದ. ಅಕ್ಷರಗಳು ಒಂದೊಂದಾಗಿ ಮೂಡಿದವು. ‘ಹಬ್ಬದ ಉಂಡೆ ಮತ್ತು ಅರ್ಧ ಬಟ್ಟಲು ನೀರು ಸೇವಿಸಿದರು. ಕೆಮ್ಮು ಇಲ್ಲ. ಎಲ್ಲ ಬಗೆಯ ಆಹಾರ ಕೊಡಬಹುದು.’

ಲೀಜೂ ಅದನ್ನು ಬೆರಳಲ್ಲಿ ಉಜ್ಜಿ ಅಳಿಸಿದಳು. ಮೊದಲ ಸಾಲನ್ನು ಮತ್ತೆ ಹೇಳಿ ಬರೆಸಿದಳು. ತೆಳು ನೀರು ಕೂಡದು. ಅಂಟಿನ ತಿಂಡಿ ಕೂಡದು. ಗುಮಾಸ್ತ ತಕ್ಷಣ ಬರೆದುಕೊಂಡ. ಅವನಿಗೆ ಯಾವ ತಕರಾರೂ ಇಲ್ಲ. ಇವತ್ತಿನಿಂದ ತೊಂಬತ್ತು ದಿನ ಅದು ಅಲ್ಲಿರುತ್ತದೆ.

ಅವಳು ಜೇಬಿನಿಂದ ಕೆಂಪು ಪೆನ್ನು ತೆಗೆದಳು. ಊಟದ ಚೀಟಿಯ ಹಿಂಬದಿಯಲ್ಲಿ ಅದೇ ಮಾತನ್ನು ದಪ್ಪಗೆ ಬರೆದು, ಪ್ಲಾಸ್ಟರ್ ಹರಿದು, ಅಪ್ಪನ ತಲೆಯ ಮೇಲಿನ ಗೋಡೆಗೆ ಅಂಟಿಸಿದಳು.

“ಗೋಡೆಗೆ ಏನೂ ಅಂಟಿಸೋ ಹಾಗಿಲ್ಲ ಅಂತ ನಿಯಮ ಇದೆ, ಅಕ್ಕ” ಎಂದು ವಾಹ್ಯು ಮೆಲ್ಲಗೆ ಹೇಳಿದಳು. “ಅದು ನಿಯಮಗಳ ಪುಟದಲ್ಲಿ ಬರೆದಿದೆ.”

*

ಡಾಕ್ಟರು ಬರುವುದಕ್ಕೆ ಎರಡು ಗಂಟೆಯಾಗುತ್ತದೆ ಎಂದರು. ಲೈ ಯಂತ್ರದ ಕೊಳವೆಯಿಂದ ಅಪ್ಪನ ಗಂಟಲಲ್ಲಿದ್ದದ್ದನ್ನು ಎಳೆದಳು, ಬೆಲ್ಲದ ಬಣ್ಣದ ನೀರು ಸ್ವಲ್ಪ ಬಂತು. ಸ್ವಲ್ಪವೇ. ಉಳಿದದ್ದು ಎಲ್ಲಿ ಹೋಗಿದೆಯೆಂದು ಹೇಳುವವರಿಲ್ಲ.

ಜೆನ್ಯೂ ಫೋನ್ ಮಾಡಿದ.

“ಅಪ್ಪ ಹೇಗಿದಾರೆ ಅಕ್ಕ?”

“ಕೂತಿದಾನೆ. ಮೂರು ದಿನ ಆದ್ಮೇಲೆ ಕೇಳು. ಸಾಲುಗಳು ಏನಾದ್ವು?”

“ಓರಣ ನಿಲ್ಲಿಸಿದೀನಿ. ಹೋಗಿರೋದನ್ನ ಹುಡುಕ್ತಾ ಇದೀನಿ. ಎಲ್ಲಾ ವಾಪಸ್ ಕೂರ್ಸೋ ಹೊತ್ತಿಗೆ ನಾಳೆ ಬೆಳಿಗ್ಗೆ ಆಗುತ್ತೆ.”

“ಎಷ್ಟು ಸಾಲು?”

“ನಾಲ್ಕು ಸಾವಿರದ ಮೇಲಿದೆ ಅಕ್ಕ. ಇನ್ನೂ ಎಣಿಸ್ತಾ ಇದೆ.”

“ಮನೆಗಳಿಗೆ ಹೇಳಿದ್ರಾ?”

ಈಗ ಖೋನ ದನಿ ಬಂತು. “ಹೇಳಿದೀವಿ, ಲೀಜೂ ಅವರೇ. ಅರವತ್ಮೂರು ಮನೆಗೂ ಪುಸ್ತಕದಲ್ಲೇ ಸೂಚನೆ ಕಳಿಸಿದೀನಿ. ವಿವರವಾಗಿ, ಎರಡು ಪುಟ. ನೀವು ಯಾರಿಗೂ ಫೋನ್ ಮಾಡ್ಬೇಡಿ. ಜನ ಗಾಬರಿ ಆಗ್ತಾರೆ, ವಕೀಲರ ಹತ್ರ ಮಾತಾಡ್ದೆ ಏನೂ…”

ಅವಳ ಎದುರಿನ ಟ್ಯಾಬ್ಲೆಟ್ ಮತ್ತೆ ಟಿಣ್ ಎಂದಿತು. ಕಂಪನಿಯ ಸೂಚನೆ ಬಂದಿತ್ತು. ದಾದಿಯರಿಗೆ ಓದಲು ಹೊತ್ತಿರುವುದಿಲ್ಲ ಎಂದು ಉದ್ದದ ಸೂಚನೆಗಳನ್ನು ಗುಮಾಸ್ತ ಒಂದು ಸಾಲಿಗೆ ಇಳಿಸಿ ತೋರಿಸುತ್ತಿದ್ದ. ಹಾಗೆ ತೋರಿಸು ಎಂದು ಎಂದೋ ಬರೆದುಕೊಟ್ಟವಳೂ ಲೀಜೂನೇ.

‘ಟಿಪ್ಪಣಿಗಳಲ್ಲಿ ಸಣ್ಣ ತಿದ್ದುಪಡಿ ನಡೆಯುತ್ತಿದೆ. ಕೆಲಸವನ್ನು ಎಂದಿನಂತೆ ಮುಂದುವರಿಸಿ.’

“ಮ್ಯಾನೇಜರ್ರೇ, ನಿಮ್ಮ ಎರಡು ಪುಟ ಇಲ್ಲಿ ಏನಾಗಿ ಬಂದಿದೆ ಗೊತ್ತಾ?” ಎಂದಳು. ಓದಿ ಹೇಳಿದಳು. ಆ ಕಡೆ ಖೋ ಉಸಿರೆಳೆದುಕೊಂಡದ್ದು ಕೇಳಿಸಿತು. “ಬಹಳ ಮನೆಗಳಲ್ಲಿ ಉಂಡೆ ಕೊಡೋದು ಸಂಜೆ ಐದಕ್ಕೆ. ಜೆನ್ಯೂ, ಎಲ್ಲಾ ಮನೆಗಳ ನಂಬರು ನನ್ನ ಫೋನಿಗೆ ಹಾಕು. ಈಗಲೇ.”

“ಹಾಕ್ಬೇಡ” ಎಂದ ಖೋ.

ನಂಬರುಗಳು ಬಂದವು. ಜೆನ್ಯೂನ ಕಿವಿ ಈಗ ಎಷ್ಟು ಕೆಂಪಾಗಿರಬಹುದೆಂದು ಅವಳು ಊಹಿಸಿದಳು.

ಮೊದಲ ಮನೆಯವರು ಎತ್ತಿದರು. ಲೀಜೂ ಹೇಳಿದಳು: “ನಿಮ್ಮ ಪುಟಗಳ ಮೊದಲ ಮೂರು ಸಾಲು ನಂಬಬೇಡಿ. ಜೀವದ ಸಾಲು ಹೋಗಿದಾವೆ. ಹಳೇ ಕಾಗದ ಇದ್ರೆ ತೆಗೀರಿ. ಇಲ್ದಿದ್ರೆ ಹಳೇ ದಾದಿಯರನ್ನ ಕೇಳಿ. ಯಾರಿಗೂ ಉಂಡೆ ಕೊಡ್ಬೇಡಿ.” ಆ ಕಡೆಯವಳು ‘ಏನು?’ ಎಂದಳು. ಲೀಜೂ ಕಣ್ಣು ಮುಚ್ಚಿ ಎರಡನೆಯ ಸಲ ಹೇಳಿದಳು. ಹಳೇ ದಾದಿ ಬಿಟ್ಟು ಹೋಗಿದಾರಲ್ಲ ಎಂದಳು ಅವಳು. ಮೂರನೆಯ ಸಲ ಹೇಳಿದಳು.

ಎರಡನೆಯ ಮನೆ. ನಾಲ್ಕನೆಯ ಮನೆ. ಏಳನೆಯವರು, ನೀವು ಯಾರಮ್ಮ, ಪುಸ್ತಕದಲ್ಲಿ ಎಲ್ಲ ಸರಿಯಿದೆಯೆಂದು ಬಂದಿದೆಯಲ್ಲ ಎಂದು ಫೋನಿಟ್ಟರು. ಅವಳು ಮತ್ತೆ ಮಾಡಿದಳು, ಮತ್ತೆ ಅದನ್ನೇ ಹೇಳಿದಳು. ಹನ್ನೊಂದನೆಯ ಮನೆಗೆ ಬರುವ ಹೊತ್ತಿಗೆ ಅವಳ ಗಂಟಲು ಒಣಗಿತ್ತು, ಮಾತು ಮಗ್ಗಿಯ ಹಾಗೆ ತಾನಾಗಿ ಬರುತ್ತಿತ್ತು. ಆಗ ಹೊತ್ತು ಮಧ್ಯಾಹ್ನ ಒಂದೂವರೆ. ಇನ್ನೂ ಐವತ್ತೆರಡು ಮನೆ.

ಹನ್ನೆರಡನೆಯದು ಪಿಂಗ್‌ತುಂಗ್ ಕಡೆಯ ಒಂದು ಮನೆ, ನೂರಾ ನಲವತ್ತು ಮಂಚ. ರಿಂಗಾಗತೊಡಗಿತು.

“ಆ-ಜೂ” ಎಂದ ಅಪ್ಪ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟಿದ್ದರು.

ಲೀಜೂ ಫೋನನ್ನು ಕಿವಿಯಿಂದ ತೆಗೆಯದೆ ಅವನ ಕಡೆ ತಿರುಗಿದಳು. ಗಂಟಲಿನ ರೋಗಿಗಳಿಗೆ ದಾದಿಯರು ಮಾಡಿಸುವ ಒಂದು ಪರೀಕ್ಷೆ ಇದೆ. ಉದ್ದಕ್ಕೆ ‘ಆ’ ಅನ್ನಿಸುತ್ತಾರೆ. ದನಿ ಒಣಗಿ ಬಂದರೆ ಸರಿ. ಒಳಗೆ ನೀರು ನಿಂತಿದ್ದರೆ ಅದು ದನಿಯಲ್ಲಿ ಕೇಳುತ್ತದೆ. ಒಂದು ಗಂಟೆಯಿಂದ ಅವಳು ಅದನ್ನು ಮಾಡಿಸದೆ ಮುಂದಕ್ಕೆ ಹಾಕುತ್ತಿದ್ದಳು.

“ಅಪ್ಪ, ‘ಆ’ ಅನ್ನು. ಉದ್ದಕ್ಕೆ.”

“ಯಾಕೆ? ನನಗೇನಾಗಿದೆ? ಬಟ್ಟಲು ಪೂರ್ತಿ ತಿನ್ನೋಕೆ ಬಿಡ್ಲಿಲ್ಲ ನೀನು. ಆದ್ರೂ ಲೆಕ್ಕ ಲೆಕ್ಕವೇ. ಈಗ ನನಗೆ ಎಂಬತ್ತು. ಆ ಗೂಬೆಗೆ ಹೇಳು.”

“ಅನ್ನಪ್ಪ.”

ಫೋನು ರಿಂಗಾಗುತ್ತಲೇ ಇತ್ತು. ಪಿಂಗ್‌ತುಂಗ್‌ನಲ್ಲಿ ಯಾರೂ ಎತ್ತಲಿಲ್ಲ.

“ಅನ್ನು, ಅಪ್ಪ” ಎಂದು ಅವಳು ಮತ್ತೆ ಹೇಳಿದಳು.

ಅಪ್ಪ ಬಾಯಿ ತೆರೆದು ‘ಆ’ ಎಂದ. ದನಿ ಉದ್ದಕ್ಕೆ ಬಂತು, ಅದರ ಅಡಿಯಲ್ಲಿ ಕುದಿಯುವ ನೀರಿನಂತೆ ಸಣ್ಣಗೆ ಗುಳುಗುಳು ಎನ್ನುತ್ತಿತ್ತು.